ಗುಮಾಸ್ತರು ಓದದೆ ಬಿಟ್ಟ ಕಾದಂಬರಿ

ಶಹಾಪುರದ ನಮ್ಮ ನೆರೆಮನೆಯ ಗುಮಾಸ್ತರು ಕಲಿತದ್ದು ಉರ್ದು ಶಾಲೆಯಲ್ಲಿ. ಆಡುವ ಮಾತು ಕನ್ನಡವಾದರೂ ಓದಲು ಬರುತ್ತಿದ್ದದ್ದು ಉರ್ದು ಮಾತ್ರ. ಹೈದರಾಬಾದಿನಿಂದ ಹೊಸ ಪುಸ್ತಕ ಬಂದರೆ ಯಾದಗಿರಿಯ ಅಂಗಡಿಗೆ ಮೊದಲು ಹೋಗುವವರು ಅವರೇ. "ಹೊಸಾದೇನ್ ಬಂದದ್ರಿ?" ಎನ್ನುತ್ತ, ಅಂಗೈ ಧೋತರಕ್ಕೆ ಒರೆಸಿಕೊಂಡೇ ಪುಟ ಮುಟ್ಟುವರು.

ನಿಜಾಮನ ಆಳ್ವಿಕೆ ಮುಗಿದ ಮೇಲೆ ಅಂಗಡಿಗೆ ಕನ್ನಡದ ಪುಸ್ತಕಗಳು ಬಂದವು, ಉರ್ದುವಿನವು ನಿಂತವು. ಒಂದು ಮಧ್ಯಾಹ್ನ ಹೊಸ ಕನ್ನಡ ಕಾದಂಬರಿಯೊಂದನ್ನು ತಂದು ನನ್ನ ಕೈಗಿತ್ತು, "ಓದಿ ಹೇಳವ್ವಾ," ಎಂದರು. ನಾನು ಎರಡು ಪುಟ ಓದುವುದರೊಳಗೆ ತಡೆದರು.

"ಸಾಕವ್ವಾ. ನಮ್ಮವ್ವ ಆಡಿದ ಮಾತದು. ನಾನೇ ಓದಬೇಕು."

"ಅಕ್ಷರ ಕಲಿಸ್ತೀನ್ರಿ ಕಾಕಾ," ಎಂದೆ.

ಕೆಲವು ದಿನ ಪಾಟಿ ಹಿಡಿದು ಬಂದರು. ಸಾಲು ಮುಗಿಸುವಷ್ಟರಲ್ಲಿ ಅದರ ಮೊದಲ ಪದ ಮರೆತಿರುತ್ತಿತ್ತು. "ಹಿಂಗ ಓದಿದ್ರ ಕತಿ ಸತ್ತೇ ಹೋಗ್ತದವ್ವಾ," ಎಂದು ಪಾಟಿ ಒರೆಸಿಟ್ಟು ಹೋದರು.

ಕಾದಂಬರಿಯನ್ನು ನಾನೇ ಓದಿ ಮುಗಿಸಿದೆ. ಕೊನೆಗೆ ಏನಾಯಿತೆಂದು ಅವರು ಕೇಳಲೇ ಇಲ್ಲ.