ಒರೆಸಿ ಸಿಗಿಸಿದ ವೈರು

ಚಿಕ್ಕೋಡಿಯ ಹಾರ್ಡ್‌ವೇರ್ ಅಂಗಡಿಯ ಮೇಲಿನ ನನ್ನ ಕೋಣೆಗೆ ಬರುವವರು ಚಪ್ಪಲಿಯನ್ನು ಹೊರಗೇ ಬಿಡುತ್ತಾರೆ. ಒಳಗಿರುವುದು ದೇವರಲ್ಲ, ಮಿತ್ರರೇ. ತಂಪುಗಾಳಿಯಲ್ಲಿ ಹಸಿರು ದೀಪ ಮಿಟುಕಿಸುತ್ತ ಕೂತ ಒಂದು ಸ್ವಿಚ್ ಪೆಟ್ಟಿಗೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಐವರು ಇಂಟರ್ನೆಟ್ ಮಾಲೀಕರು ತಂತಮ್ಮ ತಂತಿಗಳನ್ನು ಅದರಲ್ಲಿ ಕೂಡಿಸಿದ್ದಾರೆ. ನಿಪ್ಪಾಣಿಯಿಂದ ಅಥಣಿಗೆ ಕಳಿಸಿದ ಫೋಟೋ ಮುಂಬೈ ಸುತ್ತಿ ಬರಬಾರದೆಂಬುದು ಉದ್ದೇಶ. ಅದರ ಪೂಜಾರಿ ನಾನು.

ಯಂತ್ರಗಳಿಗೂ ನಮ್ಮಂತೆಯೇ ಒಂದು ಅಭ್ಯಾಸವಿದೆ. ವಿಳಾಸ ಗೊತ್ತಿಲ್ಲದಿದ್ದರೆ "ಈ ಮನೆ ಯಾರದು?" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತವೆ, ಮನೆಯವನು ಮಾತ್ರ ಓಗೊಡುತ್ತಾನೆ. ಕೂಗು ಅತಿಯಾದರೆ ಕೆಲಸದ ಮಾತಿಗೆ ದಾರಿಯೇ ಇರುವುದಿಲ್ಲ. ಆದ್ದರಿಂದ ಪ್ರತಿ ತಂತಿಗೂ ಕೂಗಿನ ಮಿತಿಯೊಂದನ್ನು ಹಾಕೋಣವೆಂದು ಸಭೆಯಲ್ಲಿ ಹೇಳಿದ್ದೆ. ರಾಯಬಾಗದ ಮಾಲೀಕ ಅಣ್ಣಾಸಾಹೇಬರು ಸಿಡಿದೆದ್ದರು. "ನಮ್ಮ ಬಾಯಿಗೆ ಕೀಲಿ ಹಾಕಾವ್ರೇನ್ರಿ?" ಉಳಿದವರು ಮಿತಿ ಬೇಕೆಂದು ಒಪ್ಪಿದರು, ತಮ್ಮನ್ನು ಬಿಟ್ಟು ಮಿಕ್ಕವರಿಗೆ. ಮಿತಿಯ ಮಾತು ಅಲ್ಲಿಗೇ ಬಿದ್ದುಹೋಯಿತು.

ಒಂದು ಮಧ್ಯಾಹ್ನ ಐದೂ ತಾಲೂಕುಗಳ ನೆಟ್ ಒಟ್ಟಿಗೆ ನಿಂತಿತು. ದೀಪಗಳೆಲ್ಲ ಹುಚ್ಚು ಹಿಡಿದಂತೆ ಮಿನುಗುತ್ತಿದ್ದವು. ಒಂದೊಂದೇ ತಂತಿ ಕಿತ್ತು ನೋಡಿದೆ. ರಾಯಬಾಗದ್ದನ್ನು ಕಿತ್ತೊಡನೆ ಶಾಂತಿ. ನಾಲ್ಕು ತಾಲೂಕುಗಳು ಉಸಿರಾಡಿದವು. "ರಾಯಬಾಗದ್ದ ಸಂಜೀಗೆ ನೋಡೂನ್ ಬಿಡ್ರಿ" ಎಂದು ಕಾಗವಾಡದವರು ಫೋನಿನಲ್ಲಿ ಔದಾರ್ಯ ತೋರಿದರು. ನಾನೂ ಚಹಾಕ್ಕೆ ಏಳುವವನಿದ್ದೆ.

ಅಷ್ಟರಲ್ಲಿ ರಾಯಬಾಗ ತಾಲೂಕಿನ ಹಾರೂಗೇರಿಯಲ್ಲಿರುವ ಅಣ್ಣಾಸಾಹೇಬರ ಆಫೀಸಿನಿಂದ ಶೇವಂತವ್ವನ ಫೋನು. ಅವರು ಅಣ್ಣಾಸಾಹೇಬರ ಕಾಕು, ಅಂದರೆ ಚಿಕ್ಕಮ್ಮ; ನಮಗೆಲ್ಲರಿಗೂ ಕಾಕುವೇ.

"ಯಪ್ಪಾ, ಅಣ್ಣಾ ಊರಾಗಿಲ್ಲ. ನಮ್ಮ ಮೊಮ್ಮಗಳು ಇಲ್ಲೇ ಕುಂತ ಕಾಲೇಜಿನ ಫಾರ್ಮ್ ತುಂಬಾಕತ್ತಾಳ. ಐದಕ್ಕ ಮುಗೀತೈತಂತ. ಅರ್ಧಕ್ಕ ನಿಂತೈತಿ. ಅಳಾಕತ್ತಾಳ."

ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ನಾಲ್ಕು ತಾಲೂಕುಗಳ ನೆಮ್ಮದಿಗಾಗಿ ನಾನು ಕಿತ್ತ ತಂತಿಯ ಆ ತುದಿಯಲ್ಲಿ ಹುಡುಗಿಯೊಬ್ಬಳು ಕೂತಿರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು.

"ಕಾಕು, ಇವತ್ತ ಯಾವುದಾರ ವೈರ್ ಮುಟ್ಟೀರೇನ್ರಿ?"

"ಮುಟ್ಟಿಲ್ಲಪಾ. ಕಸಾ ಹೊಡಿಯಾಗ ಒಂದರ ತುದಿ ಜೋತಾಡಾಕತ್ತಿತ್ತು. ಬಾಜೂಕ ತೂತು ಖಾಲಿ ಇತ್ತು. ಸಿಗಿಸೀನಿ ಅಷ್ಟ."

ಒಂದೇ ವೈರಿನ ಎರಡೂ ತುದಿಗಳು ಅವರ ಆಫೀಸಿನ ಒಂದೇ ಸ್ವಿಚ್ ಪೆಟ್ಟಿಗೆಯಲ್ಲಿ! ಹೊರಟ ಕೂಗು ತಿರುಗಿ ಅಲ್ಲಿಗೇ ಬಂದು, ಇಮ್ಮಡಿಯಾಗಿ ಮತ್ತೆ ಹೊರಟು, ಐದು ತಾಲೂಕುಗಳನ್ನೂ ತುಂಬಿಬಿಟ್ಟಿತ್ತು.

"ಅದನ್ನ ತಗೀರಿ. ಆದರ ಎಲ್ಲಾ ವೈರೂ ನೀಲೀನ ಅದಾವು, ಹೆಂಗ ಗುರುತ ಹಿಡೀತೀರಿ?"

"ಧೂಳ ಇಲ್ಲದ್ದ ನಂದು. ಒರಸೇ ಸಿಗಿಸೀನಿ."

ಕಾಕು ಎಳೆದರು. ನಾನು ಕಿತ್ತ ತಂತಿಯನ್ನು ಮತ್ತೆ ಜೋಡಿಸಿ ದೀಪಗಳನ್ನೇ ನೋಡುತ್ತ ಕೂತೆ. ಅವು ಸಭ್ಯವಾಗಿ ಮಿಟುಕಿದವು. ಐದಕ್ಕೆ ಹತ್ತು ನಿಮಿಷವಿರುವಾಗ ಫೋನಿನಲ್ಲಿ ಕಾಕುವಿನ ಕೂಗು ಕೇಳಿತು: "ಹೋತಪಾ, ಫಾರ್ಮ್ ಹೋತು!" ಹಿಂದೆ ಹುಡುಗಿ ಮೂಗೊರೆಸಿಕೊಂಡು ನಗುತ್ತಿದ್ದಳು.

ಆ ಸಂಜೆಯೇ, ಯಾರನ್ನೂ ಕೇಳದೆ, ಐದೂ ತಂತಿಗಳಿಗೆ ಮಿತಿ ಹಾಕಿದೆ. ಮರುದಿನ ಕಾಕು ಸಿಗಿಸಿದ ವೈರಿನ ಕಥೆಯನ್ನೂ ಮಿತಿಯನ್ನೂ ಎಲ್ಲರಿಗೂ ತಿಳಿಸಿ, ಅಣ್ಣಾಸಾಹೇಬರ ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಂಡೆ.

"ನಮಗಷ್ಟನೋ, ಎಲ್ಲಾರಿಗೂನೋ?" ಎಂದರು.

"ಎಲ್ಲಾರಿಗೂ ಒಂದ ಅಳತಿರಿ."

ಅವರ ದನಿ ಇಳಿಯಿತು. "ಹಂಗಾರ ಅಡ್ಡಿಯಿಲ್ಲ. ನಮ್ಮ ಕಾಕೂಗೂ ಒಂದ ಮಿತಿ ಹಾಕಾಕ ಬರತೈತೇನ್ರಿ?"