ಯಾವುದರಲ್ಲಿ ಬಂದದ್ದು?

ಕೊಚ್ಚಿಯ ಕಲೂರಿನಲ್ಲಿ ವಕೀಲನಾಗಿದ್ದ ನನ್ನ ಅಣ್ಣ ಬಾಗಿಲು ತೆರೆದ ಕೂಡಲೇ ಕೇಳುತ್ತಿದ್ದದ್ದು ಒಂದೇ ಮಾತು: "ಯಾವುದರಲ್ಲಿ ಬಂದದ್ದು?" ನಾನು ತಿರುವನಂತಪುರದಲ್ಲಿ ಸರಕಾರಿ ನೌಕರಿಯಲ್ಲಿದ್ದೆ. ಬಸ್ಸು ಎಂದರೆ, ರೈಲಿಗೆ ಬರಬಾರದಿತ್ತಾ ಎನ್ನುತ್ತಿದ್ದ. ರೈಲು ಎಂದರೆ, ಕೋಟ್ಟಯಂ ದಾರಿಯದ್ದು ಯಾಕೆ, ಆಲಪ್ಪುಳದ್ದು ಹಿಡಿಯಬೇಕಿತ್ತು ಎನ್ನುತ್ತಿದ್ದ. ಒಮ್ಮೆ ಕಚೇರಿಯ ಕೆಲಸಕ್ಕೆಂದು ವಿಮಾನದಲ್ಲಿ ಬಂದೆ. ಈಗ ಹೇಳಲಿ ನೋಡುವಾ ಎಂದುಕೊಂಡಿದ್ದೆ.

"ಅರ್ಧ ಗಂಟೆ ಹಾರ್ಲಿಕ್ಕೆ ಎರಡು ಗಂಟೆ ಮೊದಲೇ ಹೋಗಿ ಕೂತದ್ದು. ಇಳಿದ ಮೇಲೆ ನೆಡುಂಬಾಶ್ಶೇರಿ ಏರ್‌ಪೋರ್ಟಿನಿಂದ ಇಲ್ಲಿಗೆ ಮತ್ತೊಂದು ಗಂಟೆ. ಅಷ್ಟರಲ್ಲಿ ರೈಲಿನವ ಊಟ ಮಾಡಿ ಮಲಗಿರ್ತಾನೆ" ಎಂದ.

ನಮ್ಮ ಊರಾದ ಕಾಸರಗೋಡಿನಿಂದ ಕೋರ್ಟು ಕೆಲಸಕ್ಕೆ ಬರುವವರೆಲ್ಲ ಅವನನ್ನು ಕೇಳಿಯೇ ಹೊರಡುತ್ತಿದ್ದರು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಹದಿನೈದು ವರ್ಷಗಳಲ್ಲಿ ಒಮ್ಮೆಯೂ ಅವನ ಮಾತು ಕೇಳಿ ಹೊರಟವಳಲ್ಲ ನಾನು.

ಒಂದು ಮಳೆಗಾಲದ ಬೆಳಿಗ್ಗೆ ಅತ್ತಿಗೆಯ ಫೋನು ಬಂತು. ಆಸ್ಪತ್ರೆಯಲ್ಲಿದ್ದ ಅಣ್ಣನ ಸ್ಥಿತಿ ಕೈಮೀರಿತ್ತು. ಪ್ರಜ್ಞೆ ಇರುವಾಗಲೇ ಬಂದುಬಿಡು ಎಂದರು. ಅಷ್ಟು ಹೊತ್ತಿಗೆ ಆವತ್ತಿನ ವಿಮಾನ ಹೋಗಿಯಾಗಿತ್ತು. ತಿರುವನಂತಪುರದ ತಂಬಾನೂರಿನಲ್ಲಿ ರಸ್ತೆಯ ಈಚೆ ಬಸ್ ನಿಲ್ದಾಣ, ಆಚೆ ರೈಲು ನಿಲ್ದಾಣ. ಕೊಚ್ಚಿಗೆ ಹೋಗುವ ಎರ್ನಾಕುಳಂ ಬಸ್ಸಿನ ಕಂಡಕ್ಟರ್ ಬೆಲ್ಲಿನ ಹಗ್ಗಕ್ಕೆ ಕೈ ಹಾಕಿದ್ದ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು, ಏನೂ ತೋಚದೆ, ಮೊಬೈಲ್ ತೆಗೆದು ಅಣ್ಣನ ನಂಬರನ್ನೇ ಒತ್ತಿದೆ.

ಅವನ ಮಗಳು ಎತ್ತಿದಳು. ನನ್ನ ಕನ್ನಡಕ್ಕೆ ಎಂದಿನಂತೆ ಮಲಯಾಳದಲ್ಲಿ ಉತ್ತರ ಕೊಟ್ಟು, ಫೋನನ್ನು ಅಪ್ಪನ ಕಿವಿಗೆ ಹಿಡಿದಳು.

"ಅಣ್ಣಾ, ಯಾವುದರಲ್ಲಿ ಬರಲಿ?"

ಏದುಸಿರಿನ ನಡುವೆಯೇ ಹೇಳಿದ: "ರೈಲಿಗೆ ಬಾ ಮಾರಾಯ್ತಿ. ಆಲಪ್ಪುಳದ್ದು."

ಅವನಿಗೆ ಖುಷಿಯಾಗಿತ್ತು. ಆ ದನಿಯಲ್ಲೂ ಅದು ಗೊತ್ತಾಯಿತು. ನಾನು ಬಸ್ಸು ಬಿಟ್ಟು ರಸ್ತೆ ದಾಟಿದೆ.

ಆಲಪ್ಪುಳದ ದಾರಿಯಲ್ಲಿ ಹರಿಪ್ಪಾಡ್ ದಾಟಿದ ಮೇಲೆ ಹಳಿಗೆ ಅಡ್ಡಲಾಗಿ ಮರ ಬಿದ್ದಿತ್ತು. ಎರಡೂ ಬದಿ ನೀರು ತುಂಬಿದ ಗದ್ದೆ, ಇಳಿದು ಹೋಗುವಂತೆಯೂ ಇಲ್ಲ. ಮೊಬೈಲಿನ ಬ್ಯಾಟರಿ ಸತ್ತಿತ್ತು. ಮೂರೂವರೆ ಗಂಟೆ ಕೂತಲ್ಲೇ ಕೂತು ಮೊದಲು ಅಣ್ಣನಿಗೆ ಬೈದೆ, ಆಮೇಲೆ ಅತ್ತೆ.

ಎರ್ನಾಕುಳಂನಲ್ಲಿ ಇಳಿದಾಗ, ತಿರುವನಂತಪುರದಿಂದ ಬೆಳಿಗ್ಗೆ ಹೊರಟ ಬಸ್ಸುಗಳು ನಾಲ್ಕಕ್ಕೇ ಬಂದಿವೆ ಎಂದು ಆಟೋದವನು ಹೇಳಿದ. ಆಸ್ಪತ್ರೆ ಮುಟ್ಟುವಾಗ ಏಳು ಗಂಟೆ. ಅಣ್ಣ ಐದಕ್ಕೆ ಹೋಗಿದ್ದ. ಕೊನೆಯವರೆಗೂ ಬಾಗಿಲ ಕಡೆಗೇ ನೋಡುತ್ತಿದ್ದನಂತೆ.

"ಯಾವುದರಲ್ಲಿ ಬಂದದ್ದು ನೀನು, ಇಷ್ಟು ತಡ?" ಎಂದರು ಅತ್ತಿಗೆ. ಮಗಳೂ ನನ್ನನ್ನೇ ನೋಡುತ್ತಿದ್ದಳು. ಅಪ್ಪ ಹೇಳಿದ್ದು ಅವಳಿಗೆ ಕೇಳಿಸಿತ್ತು.

"ಬಸ್ಸಿನಲ್ಲಿ" ಎಂದೆ.

"ಇವತ್ತಾದರೂ ಅವರ ಮಾತು ಕೇಳಬಾರದಿತ್ತಾ?"

"ಕೇಳಬೇಕಿತ್ತು ಅತ್ತಿಗೆ."

ಇವತ್ತಿಗೂ ಆ ಮನೆಯವರ ಪಾಲಿಗೆ ನಾನು, ಕೊನೆಯ ದಿನವೂ ಅಣ್ಣನ ಮಾತು ಕೇಳದ ತಂಗಿ.