ಎಡಗಿವಿಯ ಹಾಡುಗಾರ್ತಿ

ಇವತ್ತು ಮಧ್ಯಾಹ್ನ ಸಿಂಧನೂರಿನ ಬಸ್ ಸ್ಟ್ಯಾಂಡ್ ಎದುರಿನ ಮೊಬೈಲ್ ಅಂಗಡಿಯಲ್ಲಿ ಇಯರ್‌ಫೋನ್ ಕೊಳ್ಳಲು ನಿಂತಿದ್ದೆ. ಎಡಗಡೆಯದನ್ನು ಕಿವಿಗಿಟ್ಟು ಕೇಳಿದೆ, ಬಲಗಡೆಯದನ್ನು ಕೇಳಿದೆ, ಮತ್ತೆ ಎಡಗಡೆಯದಕ್ಕೇ ಬಂದೆ. ಅಂಗಡಿಯವರು ನಕ್ಕು, "ಹೊಸಾದೈತ್ರಿ ಸರ್, ಎಷ್ಟು ಸಲ ನೋಡ್ತೀರಿ?" ಎಂದರು. ಅವರಿಗೇನು ಗೊತ್ತು, ಇಂಥದೇ ಒಂದು ವೈರಿನಿಂದ ನನ್ನ ಮಾನ ಮೂರಾಬಟ್ಟೆಯಾದದ್ದು! ನಿಮಗಾದರೂ ಹೇಳಿಬಿಡುತ್ತೇನೆ, ನಕ್ಕರೆ ನಕ್ಕುಬಿಡಿ.

ಮಸ್ಕಿಯಲ್ಲಿ ನನ್ನ ಗೆಳೆಯ ಖಾಜಾನ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟ ಪಂಪ್‌ಸೆಟ್ಟುಗಳಿಗೆ ತಾಮ್ರದ ತಂತಿ ಸುತ್ತುವುದು ಕಸುಬು. ಹಟ್ಟಿ ಚಿನ್ನದ ಗಣಿಯ ಗೆಳೆಯನೊಬ್ಬ ಕೊಟ್ಟ ಹಳೇ ಗಿಟಾರನ್ನು ಏಳೆಂಟು ವರ್ಷ ಕುಟ್ಟಿ ಕುಟ್ಟಿ, ಕಡೆಗೆ ಎಂಟು ಹಾಡಿನ ಒಂದು ರಾಕ್ ಆಲ್ಬಂ ಮಾಡಿಯೇಬಿಟ್ಟ. ಹೆಸರು 'ಮೋಟ್ರ ಸುಟ್ಟೈತಿ'. ತಾಳಕ್ಕೆ ಸುತ್ತಿಗೆ, ನಡುನಡುವೆ ಮೋಟಾರಿನ ಗುಂಯ್ ಎನ್ನುವ ಸದ್ದು. ಯಾರನ್ನೂ ಕೇಳದೆ ಇಂಟರ್‌ನೆಟ್ಟಿಗೆ ಏರಿಸಿದ.

ವಿಮರ್ಶೆ ತಡವಾಗಲಿಲ್ಲ. ಮಸ್ಕಿಯ ಚಹಾದಂಗಡಿಯಲ್ಲಿ ಒಬ್ಬರು, "ಇದು ರಿಪೇರಿಕಿಂತ ಮೊದ್ಲಿಂದೋ, ಆಮ್ಯಾಲಿಂದೋ?" ಎಂದು ಕೇಳಿದರು. ಲಿಂಗಸುಗೂರಿನ ಹಾರ್ಮೋನಿಯಂ ಮಾಸ್ತರರು ಒಂದೂವರೆ ಹಾಡಿಗೇ ಎದ್ದು ಹೋಗಿ ಮುಖ ತೊಳೆದುಕೊಂಡರಂತೆ. ಗೊರೇಬಾಳದ ಗಿರಾಕಿಯೊಬ್ಬ ಮಾತ್ರ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಗದ್ದೆ ಹೊಡೆದ. ಟ್ರ್ಯಾಕ್ಟರಿನ ಸದ್ದನ್ನು ಮುಚ್ಚುವ ಹಾಡು ಅವನಿಗೆ ಬೇರೆ ಸಿಕ್ಕಿರಲಿಲ್ಲ.

ಇನ್ನು ಅಚ್ಚಿನ ವಿಮರ್ಶೆ ನನ್ನ ಪಾಲಿನದು. ನಾನು ಲಿಂಗಸುಗೂರಿನಲ್ಲಿ ಪಾಠ ಹೇಳುವ ಮಾಸ್ತರ, ಸಿಂಧನೂರಿನ ಒಂದು ವಾರಪತ್ರಿಕೆಯ ಅಂಕಣಕಾರ. ಯಾವುದರ ಬಗ್ಗೆ ಬರೆಯಬಾರದು ಎಂಬುದು ನನಗೆ ಇನ್ನೂ ತಿಳಿದಿಲ್ಲ. ಮನೆಗೆ ಮರಳುವ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿ ಕೇಳಿದೆ. ಗಿಟಾರು, ಸುತ್ತಿಗೆ, ಮೋಟಾರು. ಹಾಡುವ ದನಿಯೇ ಇಲ್ಲ! ಆಹಾ ಎಂದುಕೊಂಡೆ. ಬಂದವನೇ ಬರೆದೆ: "ಹಾಡುವವರನ್ನೇ ಹೊರಗಿಟ್ಟು ಹಾಡು ಕಟ್ಟಿದ ಎದೆಗಾರಿಕೆ ಇದು. ಇಲ್ಲಿ ದನಿಯ ಗೈರುಹಾಜರಿಯೇ ಗಾಯನ." ನಾಲ್ಕು ಸಲ ಓದಿ, ನನ್ನನ್ನು ನಾನೇ ಮೆಚ್ಚಿಕೊಂಡೆ.

ಪತ್ರಿಕೆ ಬಂದ ದಿನ ಖಾಜಾ ಫೋನು ಮಾಡಿದ. "ಲೇ ಮಾಸ್ತರ, ನಮ್ಮ ಆಪಾ ಎಲ್ಲಿ ಹೋದ್ಳಲೇ?"

ಆಪಾ ಎಂದರೆ ಅವನ ಅಕ್ಕ ಶಮ್ಶಾದ್. ಮನೆಯಲ್ಲೇ ಬ್ಲೌಸು ಹೊಲಿಯುತ್ತಾರೆ, ನನಗೂ ಆಪಾನೇ. ಎಂಟೂ ಹಾಡು ಹಾಡಿದ್ದು ಅವರು. ಶಾಲೆಯ ಪ್ರಾರ್ಥನೆಯಲ್ಲಿ 'ಗಂಡುದನಿ' ಎಂದು ಸಾಲಿನಿಂದ ಹೊರಗೆ ಕಳಿಸಿದ ಮೇಲೆ, ಮೂವತ್ತು ವರ್ಷ ಅವರು ನಾಲ್ಕು ಜನರ ಮುಂದೆ ಹಾಡಿರಲಿಲ್ಲ. ತಮ್ಮನ ಕಾಟಕ್ಕೆ ಒಪ್ಪುವಾಗ, ತಮ್ಮ ಹೆಸರು ಯಾರಿಗೂ ಹೇಳಬಾರದು ಎಂದಿದ್ದರು. ಜೊತೆಗೆ, "ನಿನ್ನ ಗದ್ದಲದ ಮ್ಯಾಲ ನಾ ಒದರಂಗಿಲ್ಲ. ನನಗ ಬ್ಯಾರೆ ಜಾಗ ಕೊಡು" ಎಂದು ಷರತ್ತು. ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ಹಾಗೆ ಖಾಜಾ ಹಾಡನ್ನು ಹಂಚಿದ: ಎಡಗಿವಿ ಪೂರ್ತಿ ಅಕ್ಕನಿಗೆ, ಬಲಗಿವಿ ತನಗೆ. ನನ್ನ ಇಯರ್‌ಫೋನಿನ ಎಡಗಡೆ ಸತ್ತು ಎರಡು ತಿಂಗಳಾಗಿತ್ತು. ಕಂಡಕ್ಟರ್ ಕರೆದರೆ ಕೇಳಲಿ ಎಂದು ಆ ಕಿವಿಯನ್ನು ಖಾಲಿ ಬಿಡುವುದೇ ರೂಢಿಯಾಗಿಬಿಟ್ಟಿತ್ತು.

"ಪೇಪರ್ ಓದಿ ಮಡಚಿಟ್ಟಾಳ," ಎಂದ ಖಾಜಾ. "ನನ್ನ ದನಿ ಇಲ್ಲದ್ದಽ ಮಾಸ್ತರಗ ಚಲೋ ಅನಿಸೈತಿ ನೋಡು ಅಂದ್ಲು. ಇನ್ನ ಹಾಡಂಗಿಲ್ಲಂತ."

ನನಗೆ ಊಟ ಸೇರಲಿಲ್ಲ. ಪಕ್ಕದ ಮನೆಯವರ ಇಯರ್‌ಫೋನ್ ಇಸಿದುಕೊಂಡು ಮೂರು ಸಲ ಕೇಳಿದೆ. ಹೊಗಳಿ ಹೊಗಳಿ ಇನ್ನೊಂದು ವಿಮರ್ಶೆ ಬರೆದು, ಮರುದಿನ ಬೆಳಿಗ್ಗೆಯೇ ಮಸ್ಕಿಗೆ ಹೋದೆ.

ಆಪಾ ಹೊಲಿಗೆ ಯಂತ್ರದ ಮುಂದಿದ್ದರು. ನಾನು ನಿಂತುಕೊಂಡೇ ಓದಿದೆ. ಅಪೂರ್ವ, ಅದ್ಭುತ, ಇತ್ಯಾದಿ. ಅವರ ಕಾಲು ನಿಲ್ಲಲಿಲ್ಲ.

"ಇದು ಮಾಫಿ ಕೇಳಾಕ ಬರ್ದದ್ದು," ಎಂದರು. "ಮೊದ್ಲು ಕೇಳದಽ ಬರ್ದಿ. ಈಗರ ಕೇಳೀದಿ ಅಂತ ನಾ ಹೆಂಗ ನಂಬಲಿ?"

ನನಗೆ ಸಿಟ್ಟು ಬಂತು. ತಪ್ಪು ಮಾಡಿದವನಿಗೆ ಸಿಟ್ಟು ಬೇಗ ಬರುತ್ತದೆ, ನೀವೂ ನೋಡಿರಬಹುದು. "ಮೂರು ಸಲ ಕೇಳೀನಿ ಆಪಾ! ಮೂರನೇ ಹಾಡಿನ್ಯಾಗ ನೀವು ಓಡೋಡಿ ಹಾಡೀರಿ. ಕಡೀ ಸಾಲು ನುಂಗಿಬಿಟ್ಟೀರಿ. ಖಾಜಾನ ಗಿಟಾರು ಇನ್ನಾ ಹಾದ್ಯಾಗೈತಿ, ನೀವು ಮನಿ ಮುಟ್ಟೀರಿ!"

ಯಂತ್ರ ನಿಂತಿತು. ಕಥೆ ಮುಗಿಯಿತು ಎಂದುಕೊಂಡೆ.

"ಹಾಲು ಉಕ್ಕಾಕತ್ತಿತ್ತೋ," ಎಂದರು ಆಪಾ ಮೆಲ್ಲಗೆ. ರೆಕಾರ್ಡಿಂಗ್ ನಡೆದದ್ದು ಅವರ ಅಡುಗೆಮನೆಯಲ್ಲಿ. "ಒಲಿ ಮ್ಯಾಲ ಇಟ್ಟು ಮರ್ತಿದ್ದೆ. ಖಾಜಾಗ ಸೈತ ಗೊತ್ತಾಗಿಲ್ಲ ಅದು." ಆಮೇಲೆ ತಮ್ಮ ದಪ್ಪ ದನಿಯಲ್ಲಿ ನಕ್ಕರು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. "ಬೈದೀ ಅಂದ್ರ ಕೇಳೀದಿ. ಕುಂದ್ರು. ಉಳಿದ್ವೂ ಹೇಳು."

ಚಹಾ ಬಂತು. ಒಂದೊಂದೇ ಹಾಡು ಹಿಡಿದು ತಪ್ಪು ಎಣಿಸಿದೆವು. ಐದನೆಯದರಲ್ಲಿ ಎಣಿಸಲು ಒಂದು ತಪ್ಪೂ ಇರಲಿಲ್ಲ. ಇಂಥ ದನಿಯನ್ನು ಸಾಲಿನಿಂದ ಹೊರಗೆ ಕಳಿಸಿದವರ ಮೇಲೆ ಕೋಪ ಬಂತು. ನಾನೂ ಅದನ್ನೇ ಮಾಡಿದ್ದೆನಲ್ಲ, ಅದೂ ಹೊಗಳುತ್ತ, ಎಂದು ನಾಚಿಕೆಯೂ ಆಯಿತು. ಹೊಸ ವಿಮರ್ಶೆಯನ್ನು ಆಪಾ ಅಚ್ಚು ಮಾಡಿಸಗೊಡಲಿಲ್ಲ. ಹಾಡುವುದನ್ನು ಬಿಡಲೂ ಇಲ್ಲ, ಪುಣ್ಯ.

ಇವತ್ತು ಬೆಳಿಗ್ಗೆ ಖಾಜಾ ಎರಡನೇ ಆಲ್ಬಂ ಕಳಿಸಿದ. ಇದರಲ್ಲೂ ಎಂಟು ಹಾಡು. ಇಯರ್‌ಫೋನ್ ಕೊಂಡವನು ಅಂಗಡಿಯ ಮುಂದಿನ ಬೆಂಚಿನ ಮೇಲೇ ಕುಳಿತು ಕೇಳತೊಡಗಿದೆ. ಲಿಂಗಸುಗೂರಿನ ಬಸ್ಸು ಹೋಯಿತು, ಹೋಗಲಿ ಎಂದು ಬಿಟ್ಟೆ. ಎರಡನೇ ಹಾಡಿನ ನಡುವೆ ಆಪಾನ ಶ್ರುತಿ ಕೂದಲೆಳೆಯಷ್ಟು ಜಾರಿತು. ನನಗಾದ ಖುಷಿ ಅಷ್ಟಿಷ್ಟಲ್ಲ. ಕೂಡಲೇ ಫೋನು ಹಚ್ಚಿ ಹೇಳಿದೆ.

"ಹೌದು, ಜಾರೈತಿ," ಎಂದರು ಆಪಾ. "ಇನ್ನಾ ಆರು ಉಳಿದಾವ. ಫೋನ್ ಇಡು, ಕೇಳು."